ಒರೆಸಬಾರದ ಧೂಳು

"ಅಯ್ಯೋ! ಏನ್ ಮಾಡ್ತಿದ್ದೀರ ಮೇಡಂ?"

ಹಿಂದಿನಿಂದ ಬಂದ ಕೂಗಿಗೆ ಹಂಸಾಳ ಕೈ ಇದ್ದಲ್ಲೇ ನಿಂತಿತು. ಬೆರಳುಗಳ ನಡುವೆ ಒದ್ದೆ ಕರ್ಚೀಫು. ಎದುರಿನ ಮೇಜಿನ ಮೇಲೆ ಅಂಗೈಗಿಂತ ತುಸು ದೊಡ್ಡದಾದ ಮಿಗ್ ಯುದ್ಧವಿಮಾನದ ಮಾದರಿ. ಅದರ ಒಂದು ರೆಕ್ಕೆ ಮಸಿ ಹಿಡಿದು ಮಾಸಿತ್ತು. ಇನ್ನೊಂದು ಈಗಷ್ಟೇ ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು!

"ಧೂಳಿತ್ತು... ಒರೆಸ್ತಿದ್ದೆ," ಎಂದಳು ಹಂಸಾ.

"ಅದು ಧೂಳಲ್ಲ ಮೇಡಂ, ವೆದರಿಂಗ್! ಹಾರಿ ಹಾರಿ ಹಳೇದಾದ ವಿಮಾನದ ಥರ ಕಾಣ್ಲಿ ಅಂತ ನಾನೇ ಕೂರಿಸಿದ್ದು. ಆ ಧೂಳು ಹಾಕೋಕೆ ನಂಗೆ ಒಂದು ತಿಂಗಳು ಹಿಡೀತು!"

ಜಯನಗರದ ಶಾಲೆಯೊಂದರ ಸಭಾಂಗಣದಲ್ಲಿ ಪುಟ್ಟ ವಿಮಾನಗಳ ಪ್ರದರ್ಶನ ಅದು. ಹಂಸಾ ಪಿಯು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್. ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬಿನ ಮೇಲೆ ಒಂದು ಕಲೆ ಉಳಿದರೂ ಸಹಿಸದವಳು. ಇಷ್ಟು ಚೆಂದದ ವಿಮಾನವನ್ನು ಯಾರೋ ಇಷ್ಟು ಕೊಳಕಾಗಿ ಇಟ್ಟಿದ್ದಾರಲ್ಲ ಎಂದು ಕರುಣೆ ಉಕ್ಕಿ, ಕರ್ಚೀಫಿಗೆ ಬಾಟಲಿಯ ನೀರು ಹಾಕಿಕೊಂಡಿದ್ದಳು.

ಸುತ್ತ ಯಾರೋ ಕಿಸಕ್ಕನೆ ನಕ್ಕರು. ಹಂಸಾಳ ಕಣ್ಣು ತುಂಬಿಬಂತು.

ಕೂಗಿದ ಯುವಕ ಗಾಬರಿಯಾದ. "ಅಳ್ಬೇಡಿ ಮೇಡಂ... ನಾನೇ ಸ್ವಲ್ಪ ಜೋರಾಗಿ ಕೂಗ್ಬಿಟ್ಟೆ."

"ನಾನೇನೂ ಅಳ್ತಿಲ್ಲ!" ಎನ್ನುತ್ತಾ ಹಳದಿ ದುಪಟ್ಟಾದ ಅಂಚಿನಿಂದ ಕಣ್ಣೊತ್ತಿಕೊಂಡಳು.

"ಒಂದೇ ಮಾತು ಮೇಡಂ. ಇನ್ಮೇಲೆ ನಾನು ಹೇಳದೆ ನನ್ನ ಯಾವ ವಿಮಾನವನ್ನೂ ಮುಟ್ಬೇಡಿ."

'ಇನ್ಮೇಲೆ ಅಂದ್ರೆ? ಮತ್ತೆ ಸಿಗ್ತೀವಾ?' ಯಾಕೋ ಹಂಸಾಳಿಗೆ ಆ ಒಂದು ಪದವೇ ಕಿವಿಯಲ್ಲಿ ಉಳಿಯಿತು.

"ಹಾಳು ಮಾಡಿದ್ದು ನಾನು. ಸರಿ ಮಾಡೋಕೂ ನಾನೇ ಬರ್ತೀನಿ. ಏನು ಮಾಡ್ಬೇಕು ಹೇಳಿ."

ಅವನು ಒಂದು ಕ್ಷಣ ಅವಳನ್ನೇ ನೋಡಿ, ನಕ್ಕುಬಿಟ್ಟ. ಅವನ ಹೆಸರು ರೇವಂತ್.

* * *

ಕೋಣನಕುಂಟೆಯಲ್ಲಿ ರೇವಂತನ ಮನೆ. ಊರು ಬಡಾವಣೆಯಾಗುವ ಮೊದಲಿನಿಂದಲೂ ಅಲ್ಲೇ ಇದ್ದ ಕುಟುಂಬ. ಕನಕಪುರ ರಸ್ತೆಯಲ್ಲಿ ಅವನದೇ ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜು. ಮಹಡಿಯ ಕೋಣೆಯಲ್ಲಿ ಕಿಟಕಿಗೆ ತಾಗಿದ ಮೇಜು, ಅದರ ಮೇಲೆ ಬಣ್ಣ, ಬ್ರಷ್ಷು, ಪ್ಲಾಸ್ಟಿಕ್ ರೆಕ್ಕೆಗಳು.

ಮೊದಲ ಭಾನುವಾರವೇ ಅವನ ತಾಯಿ ಮರಿಯಮ್ಮ ಕಾಫಿ ತಂದಿಟ್ಟು ದೂರು ಹೇಳಿದರು. "ನೋಡಮ್ಮ, ವಾರವೆಲ್ಲಾ ಕಾರಿನ ಗೀರು ಅಳಿಸ್ತಾನೆ. ಭಾನುವಾರ ಬಂತು ಅಂದ್ರೆ ಕೂತ್ಕೊಂಡು ವಿಮಾನಕ್ಕೆ ಗೀರು ಹಾಕ್ತಾನೆ. ಇವನಿಗೆ ಯಾರಾದ್ರೂ ಹೆಣ್ಣು ಕೊಡ್ತಾರಾ ನೀನೇ ಹೇಳು?"

"ಅಮ್ಮಾ, ನೀನು ಕೆಳಗೋಗು!"

ಹಂಸಾ ನಗು ತಡೆಯಲಾರದೆ ಕಾಫಿ ಚೆಲ್ಲಿಕೊಂಡಳು.

ಮನೆಯಿಂದ ತಂದ ಪಿಂಗಾಣಿ ಕುಟ್ಟಾಣಿಯಲ್ಲಿ ಅವಳು ಬಣ್ಣದ ಕಡ್ಡಿಗಳನ್ನು ಅರೆದು ಪುಡಿ ಮಾಡಿ ಕೊಡುತ್ತಿದ್ದಳು. ಅವನು ಅದನ್ನು ಬ್ರಷ್ಷಿನ ತುದಿಯಲ್ಲಿ ಹಿಡಿದು ರೆಕ್ಕೆಯ ಮೇಲೆ ಉದುರಿಸುತ್ತಿದ್ದ.

"ಹೊಗೆ ಯಾವಾಗ್ಲೂ ಹಿಂದಕ್ಕೆ ಹೋಗುತ್ತೆ ಮೇಡಂ. ಎಣ್ಣೆ ಗಾಳಿ ಎಳೆದ ಕಡೆ ಹರಿಯುತ್ತೆ. ಪೇಂಟ್ ಮೊದಲು ಸವೆಯೋದು ಜನ ತುಳಿಯೋ ಜಾಗದಲ್ಲಿ. ಕಾರಣ ಇಲ್ದೆ ಒಂದು ಕಲೇನೂ ಹಾಕ್ಬಾರ್ದು."

'ಕಾರಣ ಇಲ್ದೆ ಒಂದು ಕಲೇನೂ...' ಎಷ್ಟು ನೆಟ್ಟಗೆ ಯೋಚಿಸ್ತಾನೆ! ತನ್ನ ಲ್ಯಾಬಿನ ಮಾತನ್ನೇ ಬೇರೆ ಯಾರೋ ಆಡಿದಂತೆ ಅವಳಿಗೆ ಹಿತವಾಯಿತು. ಆದರೂ ಮಿಗ್ ವಿಮಾನವನ್ನು ಅವಳು ಬೆರಳ ತುದಿಯಿಂದಲೂ ಮುಟ್ಟಲಿಲ್ಲ. ಅವನು ಹೇಳಿರಲಿಲ್ಲವಲ್ಲ!

ಮಿಗ್ ಮೊದಲಿನಷ್ಟೇ ಮಾಸಲಾಯಿತು. ಭಾನುವಾರಗಳು ಮಾತ್ರ ನಿಲ್ಲಲಿಲ್ಲ.

"ಇದರಲ್ಲಿ ಒಂದೇ ಸೀಟು. ಪಾಪ, ಮಾತಾಡೋಕೂ ಯಾರಿಲ್ಲ," ಎಂದಳು ಒಂದು ದಿನ.

ರೇವಂತ್ ಕಪಾಟಿನಿಂದ ಬೇರೊಂದು ಡಬ್ಬಿ ತೆಗೆದ. "ಇದು ಕಿರಣ್. ಪೈಲಟ್‌ಗಳು ಹಾರೋದು ಕಲಿಯೋ ವಿಮಾನ, ನಮ್ಮ ಬೆಂಗಳೂರಲ್ಲೇ ತಯಾರಾದದ್ದು. ಇದರಲ್ಲಿ ಪಕ್ಕಪಕ್ಕದಲ್ಲೇ ಎರಡು ಸೀಟು. ನಿಮಗೋಸ್ಕರ ಕಟ್ತೀನಿ."

"ಸೀಟಲ್ಲಿ ಯಾರನ್ನ ಕೂರಿಸ್ತೀರ?"

"ಯಾರನ್ನೂ ಇಲ್ಲ. ನೆಲದ ಮೇಲೆ ನಿಂತಿರೋ ವಿಮಾನ ಅಲ್ವಾ? ಸೀಟು ಖಾಲಿ ಬಿಡೋದು ನನ್ನ ಪದ್ಧತಿ."

ಕೆಲವು ವಾರಗಳ ಮೇಲೆ ಅವನು ಬೇರೆ ಬಣ್ಣ ತಾಗದಿರಲೆಂದು ಕಿರಣ್‌ನ ಬಾಲಕ್ಕೆ ಹಳದಿ ಮಾಸ್ಕಿಂಗ್ ಟೇಪು ಸುತ್ತಿ ಪಕ್ಕಕ್ಕಿಟ್ಟ. ಅವಳು ಹತ್ತಿರ ಬಗ್ಗಿದ್ದೇ ತಡ, "ಮೇಡಂ, ಟೇಪ್ ಇದೆ ಅಂದ್ರೆ ಕೆಲಸ ಮುಗಿದಿಲ್ಲ ಅಂತ ಅರ್ಥ," ಎಂದು ನಕ್ಕ. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

* * *

ಸಂಕ್ರಾಂತಿಯ ನಂತರದ ಭಾನುವಾರ. ಹಂಸಾ ಕುಟ್ಟಾಣಿಯನ್ನು ನೋಡುತ್ತಲೇ ಹೇಳಿದಳು. "ಮನೇಲಿ ಒಂದು ಸಂಬಂಧ ನೋಡ್ತಿದ್ದಾರೆ. ಮುಂದಿನ ವಾರ ಬರ್ತಾರಂತೆ."

ಬ್ರಷ್ಷು ನಿಂತಿತು. ಒಂದೇ ಕ್ಷಣ... ಮತ್ತೆ ಓಡಿತು.

"ಒಳ್ಳೇದಾಯ್ತು ಮೇಡಂ."

ಅಷ್ಟೇನಾ? ಅಷ್ಟೇ!

'ಬೇಡ ಅನ್ನೋಕೆ ಆಗಲ್ವಾ ಇವನಿಗೆ? ಒಂದು ಸಲ ಮುಖ ಎತ್ತಿ ನೋಡೋಕೂ ಆಗಲ್ವಾ?' ಅವಳು ಕುಟ್ಟಾಣಿಯನ್ನೂ ಮರೆತು ಮೆಟ್ಟಿಲಿಳಿದಳು.

ಮುಂದಿನ ಶನಿವಾರ ಕಾಲೇಜಿನಿಂದ ತ್ಯಾಗರಾಜನಗರದ ಮನೆಗೆ ಬಂದಾಗ ಟೀಪಾಯಿಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು.

"ಆ ವಿಮಾನದ ಹುಡುಗ ಬಂದಿದ್ದ ಕಣಮ್ಮ," ಎಂದರು ತಂದೆ ಚಕ್ರಪಾಣಿ. "ಮಗಳ ಕೈಗೇ ಕೊಡಿ ಅಂದ. ಕಾಫಿಗೂ ಕೂರಲಿಲ್ಲ."

ಪೆಟ್ಟಿಗೆ ತೆರೆದಳು. ಕಿರಣ್! ಬಿಳಿಯ ಮೈ, ಬಿಸಿಲಿಗೆ ಬಾಡಿದಂಥ ಕಿತ್ತಳೆ ಪಟ್ಟಿ, ರೆಕ್ಕೆಯ ಬುಡದಲ್ಲಿ ಹತ್ತಿ ಇಳಿದವರ ಬೂಟಿನ ಗುರುತು... ಆದರೆ ಕಾಕ್‌ಪಿಟ್ಟಿನ ಗಾಜಿನ ತುಂಬ ಹಳದಿ ಟೇಪು. ಒಳಗೆ ಇಣುಕಲು ಒಂದು ಸಂದೂ ಇರಲಿಲ್ಲ.

ಟೇಪ್ ಇದೆ ಅಂದ್ರೆ ಕೆಲಸ ಮುಗಿದಿಲ್ಲ.

ಅವಳು ಪೆಟ್ಟಿಗೆ ಮುಚ್ಚಿದಳು. 'ಪೂರ್ತಿ ಮಾಡಿ ಕೊಡುವಷ್ಟು ವ್ಯವಧಾನವೂ ಇರಲಿಲ್ಲ. ಸಂಬಂಧ ಬಂದಿದೆ ಅಂದ ತಕ್ಷಣ ಅರ್ಧಂಬರ್ಧ ವಿಮಾನವನ್ನ ಮನೆಗೆ ತಂದಿಟ್ಟು ಕೈ ತೊಳ್ಕೊಂಡ!'

ಆ ಸಂಬಂಧವನ್ನು ಅವಳು ಬೇಡವೆಂದಳು. ರೇವಂತನಿಗೆ ಫೋನ್ ಮಾಡಲಿಲ್ಲ. ಅವನಿಂದಲೂ ಫೋನ್ ಬರಲಿಲ್ಲ. ಕಿರಣ್ ಷೋಕೇಸಿನಲ್ಲಿ ಕುಳಿತಿತು, ಕಣ್ಣು ಕಟ್ಟಿಸಿಕೊಂಡ ಹಾಗೆ.

ಯುಗಾದಿ ಕಳೆಯಿತು. ಬಿಸಿಲೇರಿತು. ಒಂದು ಮಧ್ಯಾಹ್ನ ಟೇಪಿನ ಅಂಚು ಕಂದು ತಿರುಗಿರುವುದು ಹಂಸಾಳ ಕಣ್ಣಿಗೆ ಬಿತ್ತು. ಸೆಖೆಗೆ ಅಂಟು ಗಟ್ಟಿಯಾಗುತ್ತಿದೆ... ಹೀಗೇ ಬಿಟ್ಟರೆ ಕೊನೆಗೆ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಅವನ ಮೇಲೆ ಎಷ್ಟೇ ಕೋಪವಿರಲಿ, ಅವನ ಕೈಕೆಲಸ ಹಾಳಾಗುವುದನ್ನು ಅವಳಿಂದ ನೋಡಲಾಗಲಿಲ್ಲ.

"ನೀನು ಆ ಹುಡುಗನ ಮನೆಗೆ ಹೋಗೋದು ನಿಲ್ಲಿಸ್ದೆ. ಸರಿಯಾಗಿ ಊಟ ಮಾಡೋದೂ ನಿಲ್ಲಿಸ್ದೆ," ಎಂದರು ಚಕ್ರಪಾಣಿ ಪೇಪರಿನ ಹಿಂದಿನಿಂದ. "ಎರಡಕ್ಕೂ ಏನಾದ್ರೂ ಸಂಬಂಧ ಇದ್ಯಾ?"

"ಅಪ್ಪಾ..."

"ಹೋಗಿ ವಿಚಾರಿಸ್ಕೊಂಡು ಬಾ. ಬಿಸಿಲಿದೆ, ಛತ್ರಿ ತಗೊಂಡ್ಹೋಗು."

* * *

ಗ್ಯಾರೇಜಿನಲ್ಲಿ ಕಾರೊಂದರ ಬಾಗಿಲಿಗೆ ಪಾಲಿಷ್ ಹಾಕುತ್ತಿದ್ದ ರೇವಂತ್ ತಲೆಯೆತ್ತಿದ. ಇಳಿದುಹೋಗಿದ್ದ. ಗಡ್ಡ ಬಿಟ್ಟಿದ್ದ.

"ಮೇಡಂ... ನೀವು?"

"ಅರ್ಧ ಕೆಲಸ ಮಾಡಿ ಕೊಟ್ರೆ ಏನರ್ಥ ರೀ?" ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಒಟ್ಟಿಗೇ ನುಗ್ಗಿತು. "ಪೂರ್ತಿ ಮಾಡಿ. ಇಲ್ಲಾಂದ್ರೆ ನೀವೇ ಇಟ್ಕೊಳ್ಳಿ! ನಂಗೆ ದಿನಾ ಅದನ್ನ ನೋಡೋಕೆ ಆಗಲ್ಲ!"

ಅವಳು ಚಾಚಿದ ಪೆಟ್ಟಿಗೆಯೊಳಗೆ ನೋಡಿದ ರೇವಂತ್ ಹಾಗೇ ನಿಂತುಬಿಟ್ಟ.

"ಮೇಡಂ... ನೀವು ಈ ಟೇಪನ್ನ ತೆಗೆದೇ ಇಲ್ವಾ?"

"ನಾನ್ಯಾಕೆ ತೆಗೀಲಿ? ನೀವೇ ಹೇಳಿದ್ರಲ್ಲ, ನಾನು ಹೇಳದೆ ಮುಟ್ಬೇಡಿ ಅಂತ!"

ಅವನು ಪಕ್ಕದ ಟೈರಿನ ಮೇಲೆ ಕುಸಿದು ಕುಳಿತ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ.

"ಗಾಜಿನ ಟೇಪ್ ತೆಗೆಯೋದೇ ಕೊನೇ ಕೆಲಸ ಮೇಡಂ. ಬೇರೆಯವರಿಗೋಸ್ಕರ ಕಟ್ಟಿದ್ರೆ, ಅದನ್ನ ಅವರ ಕೈಯಲ್ಲೇ ತೆಗೆಸೋದು ನಮ್ಮ ವಿಮಾನ ಕಟ್ಟೋರ ಬಳಗದ ರೂಢಿ. ನಿಮಗೆ ಅದು ಗೊತ್ತಿಲ್ಲ ಅನ್ನೋದು ನನ್ನ ತಲೆಗೇ ಹೊಳೀಲಿಲ್ಲ. ನೀವು ತೆಗೆದು ನೋಡಿದ್ರಿ... ಇಷ್ಟವಾಗದೆ ಸುಮ್ಮನಾದ್ರಿ ಅಂದ್ಕೊಂಡಿದ್ದೆ."

"ನೋಡೋದಾ? ಏನನ್ನ?"

ಅವನು ಎದ್ದ. ಕೈ ಒರೆಸಿಕೊಂಡು, ಡ್ರಾಯರಿನಿಂದ ಸಣ್ಣ ಚಿಮಟ ತಂದ. "ಅಂಟು ಗಟ್ಟಿಯಾಗಿದೆ. ಹೀಟ್ ಗನ್ ಹಿಡಿದ್ರೆ ಪ್ಲಾಸ್ಟಿಕ್ ಕರಗುತ್ತೆ. ಸ್ವಲ್ಪ ಹೊತ್ತು ಅಂಗೈಯಲ್ಲಿ ಮುಚ್ಚಿ ಹಿಡ್ಕೊಳ್ಳಿ. ಆ ಬಿಸಿ ಸಾಕು."

ಹಂಸಾ ಹಿಂಜರಿದಳು.

"ಈಗ ನಾನೇ ಹೇಳ್ತಿದ್ದೀನಿ, ಮುಟ್ಟಿ," ಎಂದ ಮೆಲ್ಲಗೆ.

ಅವಳು ವಿಮಾನವನ್ನು ಗುಬ್ಬಿಮರಿಯಂತೆ ಹಿಡಿದಳು. ಹೊರಗೆ ಕನಕಪುರ ರಸ್ತೆಯ ಹಾರನ್ನುಗಳು ಮೊರೆಯುತ್ತಿದ್ದವು. ಆಮೇಲೆ ಚಿಮಟದಿಂದ ಅಂಚನ್ನು ಹಿಡಿದು ಎಳೆದಳು. ಒಂದು ಪಟ್ಟಿ... ಇನ್ನೊಂದು... ಕೊನೆಯದು ಬಿಟ್ಟುಬರುವಾಗ ಗಾಜಿನ ಚೌಕಟ್ಟಿನಿಂದ ಅಕ್ಕಿಕಾಳಿನಷ್ಟು ಬಣ್ಣವನ್ನೂ ಎಬ್ಬಿಸಿಕೊಂಡು ಬಂತು.

"ಅಯ್ಯೋ!" ಎಂದವಳು ಗಾಜಿನ ಹತ್ತಿರಕ್ಕೆ ಬಗ್ಗಿದಳು.

ಗಾಜಿನೊಳಗೆ ಸೀಟುಗಳು ಖಾಲಿ ಇರಲಿಲ್ಲ.

ಒಂದರಲ್ಲಿ ಗ್ಯಾರೇಜಿನ ಬೂದು ಅಂಗಿ ತೊಟ್ಟ ಪುಟ್ಟ ಗಂಡಸು. ಪಕ್ಕದಲ್ಲಿ ಹಳದಿ ದುಪಟ್ಟಾದ ಹುಡುಗಿ. ಅವಳ ಕೈಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿಯದೇನೋ...

"ಕರ್ಚೀಫಾ?" ಎಂದಳು ಹಂಸಾ.

"ಅದಿಲ್ದೆ ನೀವು ಅಂತ ಹೇಗೆ ಗೊತ್ತಾಗುತ್ತೆ?" ಎಂದ ಅವನು. "ಅವತ್ತು ಆ ಸಂಬಂಧ ಬೇಡ ಅನ್ನೋಣ ಅಂದ್ಕೊಂಡೆ. ನಾನು ಗ್ಯಾರೇಜಿನವನು, ನೀವು ಲೆಕ್ಚರರ್. ನಿಮ್ಮ ಮನೆ ಬೇರೆ, ನಮ್ಮ ಮನೆ ಬೇರೆ. ಬಾಯಲ್ಲಿ ಹೇಳೋ ಧೈರ್ಯ ಬರ್ಲಿಲ್ಲ ಹಂಸಾ... ಅವರೇ."

"ಹಂಸಾ ಸಾಕು."

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಆ ಸಂಬಂಧ ಬೇಡ ಅಂದಿದ್ದೀನಿ. ಇಲ್ಲಿಗೆ ಬರೋಕೆ ಅಪ್ಪನೇ ಛತ್ರಿ ಕೊಟ್ಟು ಕಳಿಸಿದ್ರು. ಇನ್ನೂ ಏನು ಧೈರ್ಯ ಬೇಕು ರೀ ನಿಮಗೆ? ಈಗ ಬಾಯಲ್ಲೇ ಹೇಳಿ."

"ನೀವಂದ್ರೆ ನಂಗೆ ಇಷ್ಟ, ಹಂಸಾ. ತುಂಬಾ ಇಷ್ಟ."

"ನಂಗೂ," ಎಂದವಳ ಕಣ್ಣಿಂದ ತಡೆದಿಟ್ಟ ಹನಿ ಉದುರಿತು. "ಆದ್ರೆ ನೋಡಿ, ಇಷ್ಟು ದಿನ ಬಿಟ್ಟಿದ್ದಕ್ಕೆ ಪೇಂಟ್ ಎದ್ದುಬಂತು. ಸರಿ ಮಾಡಿಕೊಡ್ತೀರಾ?"

ರೇವಂತ್ ಆ ಜಾಗವನ್ನು ಬೆಳಕಿಗೆ ಹಿಡಿದು ನೋಡಿದ. "ಬೇಡ, ಇರ್ಲಿ. ಮಿಕ್ಕಿದ್ದೆಲ್ಲಾ ನಾನು ಹಾಕಿದ ಕಲೆ. ಇದೊಂದೇ ತಾನಾಗಿ ಆಗಿದ್ದು."

ಆಮೇಲೆ ಅವಳ ಕೆನ್ನೆಯತ್ತ ಕೈಯೆತ್ತಿದವನು ನಡುವೆಯೇ ನಿಲ್ಲಿಸಿದ. "ಕೆನ್ನೆ ಮೇಲೆ ಧೂಳು ಮೆತ್ಕೊಂಡಿದೆ... ಒರೆಸ್ಲಾ?"

"ಅದು ಧೂಳಲ್ಲ ಸಾರ್," ಎಂದಳು ಹಂಸಾ, ಅಳುತ್ತಲೇ ನಗುತ್ತಾ. "ವೆದರಿಂಗ್!"

"ಹಾಗಾದ್ರೆ ಮುಟ್ಬಾರ್ದಾ?"

ಅವಳು ಮುಖವನ್ನು ತುಸು ಮುಂದಕ್ಕೆ ತಂದಳು.

"ಮುಟ್ಟೋಕೆ ಮೊದ್ಲೇ ಕೇಳಿದ್ರಲ್ಲ... ಮುಟ್ಬಹುದು."