ಗಂಟಲಲ್ಲಿ ಕೂಡಿಟ್ಟ ಮಾತು

ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಲು ನಾನು ಬಾಯಿ ತೆರೆದರೆ, ಮೂರು ಬೀದಿಯಾಚೆ ತೊಟ್ಟಿಲಲ್ಲಿದ್ದ ಕೂಸು ಎದ್ದು ಕೂತು ಈರುಳ್ಳಿ ದರ ಒಪ್ಪಿಸುತ್ತಿತ್ತು. ಸುಳ್ಳೆನಿಸಿದರೆ ಕೂಸನ್ನೇ ಕೇಳಿ. ಅಂಥ ಗಂಟಲು ಒಂದು ದಿನ ಕೈಕೊಟ್ಟಿತು.

ಆಸ್ಪತ್ರೆಯ ಧ್ವನಿ ಚಿಕಿತ್ಸೆಯ ಕೋಣೆಯಲ್ಲಿ ಚಿಕಿತ್ಸಕಿ ನನ್ನ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದಳು.

“ಧ್ವನಿತಂತುಗಳ ಮೇಲೆ ಗಂಟು ಎದ್ದಿದೆ. ದಿನಾ ಹೀಗೇ ಕೂಗ್ತೀರಾ?”

“ಕೂಗೋದಾ? ನಾನು ಗರ್ಜಿಸೋದು ಮೇಡಂ.” ಹೊರಟದ್ದು ತುಕ್ಕು ಹಿಡಿದ ಗೇಟಿನ ಸದ್ದು.

ಆಕೆ ನಗು ತಡೆಯಲು ತುಟಿ ಕಚ್ಚಿಕೊಂಡಳು. ಆ ತುಟಿಯ ಅಂಚಿಗೆ ಇಡೀ ಮಾರುಕಟ್ಟೆಯನ್ನು ಬರೆದುಕೊಡಲು ಸಿದ್ಧನಾದೆ. ಮಾರುಕಟ್ಟೆ ನನ್ನದಲ್ಲ ಎಂಬುದು ಬೇರೆ ವಿಷಯ.

“ಒಂದು ವಾರ ತುಟಿ ಪಿಟಕ್ ಅನ್ನಬಾರದು ಸಿಂಹರಾಯರೇ. ಪಿಸುಮಾತೂ ಬೇಡ, ಅದರಿಂದಲೂ ಗಂಟಲಿಗೆ ಪೆಟ್ಟೇ. ದಿನಾ ಬಂದು ಹಬೆ ತಗೊಳ್ಳಿ.”

ಹೋದೆ. ನಾನು ಹಬೆಗೆ ಮುಖವೊಡ್ಡಿ ಕೂತರೆ ಆಕೆಯದೇ ಮಾತು: ಅಕ್ಕನ ಕಾಟ, ಬಾಡಿಗೆ ಮನೆಯ ಸೋರುವ ನಲ್ಲಿ.

“ದಿನವೆಲ್ಲ ಬೇರೆಯವರ ಗಂಟಲು ಕೇಳಿ ಸಾಕಾಗುತ್ತೆ. ನನ್ನ ಮಾತು ಕೇಳೋರು ನೀವೊಬ್ಬರೇ.”

ನಾನು ಹುಬ್ಬು ಹಾರಿಸಿದೆ.

“ಹುಬ್ಬಲ್ಲೂ ಜಂಬ,” ಎಂದು ಟವೆಲಿನಿಂದ ಹೊಡೆದಳು.

ಒಳಗೊಳಗೇ ನಾನೊಂದು ಮಾತು ಕಟ್ಟುತ್ತಿದ್ದೆ. ಹೊಸ ಧ್ವನಿಯ ಮೊದಲ ಮಾತು ಆಕೆಗೇ. ಕೇಳಿದೊಡನೆ ಬೀದಿಯ ಬಸ್ಸುಗಳೆಲ್ಲ ಬ್ರೇಕು ಹಾಕಬೇಕು, ಅಂಥದ್ದು.

ಮೌನದ ಕೊನೆಯ ದಿನ ಆಕೆ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಅಕ್ಕ ಒಂದು ಸಂಬಂಧ ತಂದಿದ್ದಾಳೆ. ಹುಡುಗ ಒಳ್ಳೆಯವನೇ. ಸಂಜೆಯೊಳಗೆ ಹೇಳಬೇಕು.” ಕಣ್ಣೆತ್ತಿ ನನ್ನನ್ನು ನೋಡಿದಳು. “ಬೇಡ ಅನ್ನೋಕೆ ನನಗೇನಾದ್ರೂ ಕಾರಣ ಇದೆಯಾ?”

ಗೋಣು ಹಾಕಿದ್ದರೆ ಸಾಕಿತ್ತು. ಅದಕ್ಕೆ ಗಂಟಲು ಬೇಕಿಲ್ಲ, ಕೋಲೆಬಸವನಿಗೂ ಬರುತ್ತದೆ. ಆದರೆ ಅಷ್ಟು ದೊಡ್ಡ ಮಾತನ್ನು ಬರೀ ಗೋಣಲ್ಲಿ ಮುಗಿಸುವುದೇ? ಹಲ್ಲು ಕಿರಿದು, ‘ತಡೀರಿ, ನಾಳೆ’ ಎಂಬಂತೆ ಕೈ ಅಡ್ಡ ಹಿಡಿದೆ.

ಆಕೆ ಆ ಕೈಯನ್ನೇ ನೋಡಿದಳು. “ಸರಿ. ನಾಳೆ ಬನ್ನಿ, ಧ್ವನಿ ನೋಡೋಣ.”

ಬೆಳಿಗ್ಗೆ ಆಕೆ ಎದುರು ಕೂತು, “‘ಆ’ ಅನ್ನಿ,” ಎಂದಳು.

ನಾನು ಎದೆ ತುಂಬ ಉಸಿರೆಳೆದೆ. “ಈ ಗಂಟಲು, ಇದರ ಜೊತೆ ಬಂದಿರೋ ಈ ಆಸಾಮಿ, ಎರಡೂ ನಿಮಗೇ. ಬೇರೆ ಯಾರು ಎಷ್ಟಕ್ಕೆ ಕೂಗಿದರೂ ಕೊಡೋದಿಲ್ಲ.”

ಕಂಚಿನ ಗಂಟೆಯಂಥ ಧ್ವನಿ. ನನಗೇ ಮೈ ಜುಮ್ಮೆಂದಿತು.

ಆಕೆ ಮಡಿಸಿಟ್ಟ ಟವೆಲನ್ನು ಮತ್ತೆ ಬಿಚ್ಚಿದಳು.

“ನಿನ್ನೆ ಸಂಜೆ ಒಪ್ಪಿಬಿಟ್ಟೆ. ಅವರ ಮನೆಯವರೂ ಬಂದು ಹೋದರು. ನೀವು ನಕ್ಕಿರಲ್ಲ, ತಮಾಷೆ ಅಂದ್ಕೊಂಡಿದ್ದೀರಿ ಅಂತ...”

“ಅದು...”

“ಕೊಟ್ಟ ಮಾತು. ಹಿಂದಕ್ಕೆ ತಗೊಳ್ಳಲಾರೆ.” ಎದ್ದು ಕಿಟಕಿಯತ್ತ ತಿರುಗಿದಳು. “ಇನ್ನೊಂದು ಸಲ ಹೇಳ್ತೀರಾ? ಮೆಲ್ಲಗೆ. ಗಂಟಲಿಗೆ ಆಯಾಸ ಆಗದ ಹಾಗೆ.”

ಹೇಳಿದೆ. ಬಾಗಿಲಾಚೆ ಕಾಯುತ್ತಿದ್ದವರಿಗೆ ಕೇಳಿಸದಷ್ಟು ಮೆಲ್ಲಗೆ, ನಡುವೆ ಉಸಿರು ತೆಗೆದುಕೊಂಡು, ಆಕೆ ಕಲಿಸಿದ ಹಾಗೆಯೇ.