ಪರಿಚಯದ ಸಹಿ

ಬಾಗಿಲು ತಳ್ಳಿಕೊಂಡು ಒಳಬಂದ ಗಂಡಸಿನ ಮೇಲೆ ಹೊಲಿಗೆಯವಳು ಕತ್ತರಿ ಬೀಸಿಯೇಬಿಟ್ಟಳು. ತೋಳು ಸೀಳಿ ರಕ್ತ ಚಿಮ್ಮಿದ ಮೇಲೆ ಮುಖ ಕಂಡಿತು. ಅಣ್ಣನಲ್ಲ. ಮನೆಯೊಡತಿ ಹೊಸ ಬೀಗ ಹಾಕಲು ಕಳಿಸಿದ್ದ ಬೀಗದವನು.

"ಬೀಗ ಬೇಡ ಅಂತ ಬಾಯಲ್ಲೇ ಹೇಳಬಹುದಿತ್ತು," ಎಂದ ಆತ, ಗೋಡೆಗೆ ಒರಗಿಕೊಂಡು.

ಅವಳು ಲೈನಿಂಗ್ ಬಟ್ಟೆ ಹರಿದು ಗಾಯ ಕಟ್ಟುತ್ತ ಎಲ್ಲ ಹೇಳಿಕೊಂಡಳು. ದುಡಿದದ್ದನ್ನೆಲ್ಲ ಅಣ್ಣ ಕಿತ್ತುಕೊಳ್ಳುತ್ತಿದ್ದ, ಕೊಡದ ದಿನ ಬೆಲ್ಟು ಬಿಚ್ಚುತ್ತಿದ್ದ. ಅವನ ಕಣ್ಣುತಪ್ಪಿಸಿ ಈ ಸಣ್ಣ ಊರಿಗೆ ಬಂದಿಳಿದವಳು ಮೊದಲ ದಿನವೇ ಎಟಿಎಂಗೆ ಕಾರ್ಡು ಹಾಕಿದ್ದಳು. ಆ ಖಾತೆಯ ಮೆಸೇಜು ಊರಿನ ಹೆಸರಿನ ಸಮೇತ ಅಣ್ಣನ ಮೊಬೈಲಿಗೇ ಹೋಗುತ್ತದೆ ಎಂಬುದು ಹಣ ಕೈಗೆ ಬಂದಮೇಲೆ ನೆನಪಾಗಿತ್ತು. ಈಗ ಬೇಕಾದದ್ದು ಅವಳದೇ ಒಂದು ಖಾತೆ. ಊರಲ್ಲಿದ್ದದ್ದು ಒಂದೇ ಸಹಕಾರಿ ಬ್ಯಾಂಕು. ಅಲ್ಲಿ ಹಳೇ ಸದಸ್ಯರೊಬ್ಬರು ಖುದ್ದಾಗಿ ಬಂದು, ಇವರು ನನಗೆ ಗೊತ್ತು ಎಂದು ಸಹಿ ಹಾಕಬೇಕು. ಅವಳನ್ನು ಬಲ್ಲವರು ಅಲ್ಲಿ ಯಾರಿದ್ದರು?

"ನಾನು ಮೆಂಬರು," ಎಂದ ಬೀಗದವನು. ಅವನ ಕಣ್ಣು ಗಾಯದ ಮೇಲಿರಲಿಲ್ಲ, ಅವಳ ಬೆರಳುಗಳ ಮೇಲಿತ್ತು. ಅವಳಿಗೆ ಗಂಟು ಎರಡು ಸಲ ತಪ್ಪಿತು.

ಮರುದಿನ ಇಬ್ಬರೂ ಕೌಂಟರಿನ ಮುಂದೆ ನಿಂತರು. ಈಕೆಯ ಬಗ್ಗೆ ಏನು ಗೊತ್ತು ಎಂದು ಮ್ಯಾನೇಜರಮ್ಮ ಕೇಳಿದರೆ, ಕೈ ಬಹಳ ಚುರುಕು ಎಂದು ಪಟ್ಟಿ ಕಟ್ಟಿದ ತೋಳು ತೋರಿಸಿದ. ಅವಳು ತುಟಿ ಕಚ್ಚಿ ನಗು ನುಂಗಿಕೊಂಡಳು.

ಅಷ್ಟರಲ್ಲಿ ಹಿಂದಿನಿಂದ ಜಡೆಗೆ ಕೈ ಬಿತ್ತು. ಅಣ್ಣ. ಅವಳನ್ನು ನೆಲದ ಮೇಲೆ ದರದರ ಎಳೆದ. ಅಡ್ಡ ಬಂದ ಬೀಗದವನ ಮುಖವನ್ನು ಕೌಂಟರಿನ ಗಾಜಿಗೆ ಅಪ್ಪಳಿಸಿದ, ಗಾಜು ಪುಡಿಪುಡಿಯಾಯಿತು. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಇಷ್ಟು ವರ್ಷ ಏಟಿಗೆ ಮೈ ಮುದುಡಿಕೊಂಡೇ ಬದುಕಿದ್ದವಳಿಗೆ ಅದನ್ನು ನೋಡಿ ಮೈಯೆಲ್ಲ ಉರಿದುಹೋಯಿತು. ಕಬ್ಬಿಣದ ಸ್ಟೂಲು ಎತ್ತಿ ಅಣ್ಣನ ಮೊಣಕಾಲಿಗೆ ಬಾರಿಸಿದಳು. ಮೂಳೆ ಲಟಕ್ಕೆಂದಿತು. ಕುಸಿದವನನ್ನು ಸಾಲಿನಲ್ಲಿದ್ದ ಜನ ಹೊರಗೆಳೆದು, ಪೊಲೀಸರು ಬರುವ ತನಕ ಅದುಮಿ ಹಿಡಿದರು.

ಬೀಗದವನು ಮುಖದ ರಕ್ತ ಒರೆಸಿಕೊಂಡು ಪೆನ್ನು ಕೇಳಿದ.

ಮ್ಯಾನೇಜರಮ್ಮ ಇಬ್ಬರನ್ನೂ ನೋಡಿದರು. ಅವಳ ಕೈ ಇನ್ನೂ ಅವನ ಹೆಗಲ ಮೇಲಿತ್ತು. "ಒಂದು ರೂಲ್ಸಿದೆಯಪ್ಪ. ಸಂಬಂಧಿಕರು ಪರಿಚಯದ ಸಹಿ ಹಾಕೋ ಹಾಗಿಲ್ಲ. ನೀವಿಬ್ಬರೂ ಸಂಬಂಧಿಕರಲ್ಲ ತಾನೆ?"

"ಇವತ್ತಿಗೆ ಅಲ್ಲ," ಎಂದ ಅವನು.

ಅವಳಿಗೆ ಅವನೂ ಬೇಕಿತ್ತು, ಖಾತೆಯೂ ಬೇಕಿತ್ತು. ಎರಡರಲ್ಲಿ ಒಂದನ್ನೂ ಬಿಡುವ ಮನಸ್ಸಿರಲಿಲ್ಲ.

"ಮೊದಲು ಸಹಿ ಹಾಕಿ," ಎಂದಳು. "ಉಳಿದದ್ದು ಹೊರಗೆ ಹೋದಮೇಲೆ ಕೇಳಿ. ನಾನು ಬೇಡ ಅನ್ನಲ್ಲ."