ಬಿರುಕಿಗೆ ಬಣ್ಣ ಬಳಿಯುವವನು

"ಜಿಗಿ! ಏಣಿ ಬಿಟ್ಟು ಜಿಗಿ!"

ತಂಗಿ ಜಿಗಿದಳು. ಅವಳ ತಲೆ ಇದ್ದ ಜಾಗವನ್ನು ಸೀಳಿಕೊಂಡು ತಟ್ಟೆಯಗಲದ ಗಾರೆ ಬಂದು ನೆಲಕ್ಕೆ ಅಪ್ಪಳಿಸಿತು.

ಧೂಳು ಇಳಿದ ಮೇಲೆ ತಲೆಯೆತ್ತಿ ನೋಡಿದೆ. ಹಾಲ್‌ನ ನಡುವಿನ ಬೀಮ್ ಬಾಯಿ ಬಿಟ್ಟಿತ್ತು. ಬೆರಳು ತೂರುವಷ್ಟು ಬಿರುಕು! ಒಳಗಿನ ಕಂಬಿ ಬಾಗಿತ್ತು.

ಮಾರಾಟಕ್ಕಿರುವ ಮನೆಗಳಿಗೆ ಸಿಂಗಾರ ಮಾಡುವುದು ನನ್ನ ಕಸುಬು. ಒದ್ದೆ ಗೋಡೆಗೆ ಪುಟ್ಟಿ, ಒಡೆದ ಟೈಲ್ಸ್ ಮೇಲೆ ಜಮಖಾನ, ಕತ್ತಲೆ ಕೋಣೆಗೊಂದು ದೊಡ್ಡ ಕನ್ನಡಿ. ನೋಡಲು ಬಂದವರು ಹೊಸ್ತಿಲಲ್ಲೇ "ಆಹಾ" ಅನ್ನಬೇಕು. ಹನ್ನೆರಡು ವರ್ಷದಿಂದ ಅನ್ನಿಸುತ್ತಾ ಬಂದಿದ್ದೇನೆ. ಪೇಂಟಿಂಗ್ ತಂಗಿಯ ಪಾಲು.

ಆದರೆ ಇದು...

ಸದ್ದಿಗೆ ಮನೆ ಓನರ್ ಬಂದ. ಇಸ್ತ್ರಿ ಮುರಿಯದ ಬಿಳಿ ಶರ್ಟು. ಹಿಂದೆ ಅವನ ಹೆಂಡತಿಯ ತಮ್ಮ. ಎಲ್ಲರೂ ಅವನನ್ನು ಗೂಳಿ ಅನ್ನುತ್ತಿದ್ದರು. ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಬಾಗಿಲ ತುಂಬ ಅವನೇ ಇದ್ದ.

ನೆಲದಲ್ಲಿದ್ದ ಹೊಸ ಟೈಲ್ಸ್ ತೇಪೆಯನ್ನು ತೋರಿಸಿದೆ. "ಇಲ್ಲೊಂದು ಪಿಲ್ಲರ್ ಇತ್ತಲ್ವಾ ಸರ್?"

"ಇತ್ತು. ತೆಗೆಸ್ದೆ. ಹಾಲ್ ದೊಡ್ಡದಾಗಿ ಕಾಣ್ಲಿ ಅಂತ."

"ಮನೆ ನಿಂತಿದ್ದೇ ಅದರ ಮೇಲೆ!"

"ಎರಡು ತಿಂಗಳಿಂದ ಅದಿಲ್ದೇನೇ ನಿಂತಿದೆಯಲ್ಲ? ಏನೂ ಆಗಲ್ಲ. ಪುಟ್ಟಿ ತುಂಬು, ಬಣ್ಣ ಹೊಡಿ. ನಾಲ್ಕು ಗಂಟೆಗೆ ಟೀಚರಮ್ಮ ಬರ್ತಾರೆ ಮನೆ ನೋಡೋಕೆ. ಶಿಶುವಿಹಾರ ಮಾಡ್ತಾರಂತೆ. ಮೂವತ್ತು ಮಕ್ಕಳು."

ಕೈಯಲ್ಲಿದ್ದ ಪುಟ್ಟಿ ಕರಣೆಯನ್ನು ಕೆಳಗಿಟ್ಟೆ.

"ಆಗಲ್ಲ ಸರ್. ಬೇರೆಯವರನ್ನ ನೋಡ್ಕೊಳ್ಳಿ. ಟೀಚರಮ್ಮಂಗೆ ನಾನೇ ಹೇಳ್ತೀನಿ."

ತಪ್ಪು ಮಾಡಿದೆ. ಕೊನೆಯ ಮಾತನ್ನು ನುಂಗಿಕೊಳ್ಳಬೇಕಿತ್ತು.

ಓನರ್ ಕಣ್ಸನ್ನೆ ಮಾಡಿದ. ಗೂಳಿಯ ಒಂದು ಕೈ ನನ್ನ ಕಾಲರ್ ಹಿಡಿಯಿತು. ಇನ್ನೊಂದು ನಮ್ಮಿಬ್ಬರ ಫೋನ್ ಕಿತ್ತುಕೊಂಡಿತು.

"ಇವನನ್ನ ಮೇಲಿನ ಬಾತ್‌ರೂಮಿಗೆ ಹಾಕು," ಅಂದ ಓನರ್. "ಇವಳು ಬಣ್ಣ ಹೊಡೀತಾಳೆ. ನೀನು ಏಣಿ ಪಕ್ಕದಲ್ಲೇ ನಿಂತ್ಕೋ, ಕದಲಬೇಡ. ಇವನು ಕೂಗಿದ್ರೆ... ಏಣಿ ಜಾರ್ಲಿ."

ಚಿಲಕ ಬಿತ್ತು.

ಎಷ್ಟು ಹೊತ್ತು ಕಳೆಯಿತೋ! ಕೆಳಗೆ ರೋಲರ್ ಓಡುವ ಸದ್ದು. ನನ್ನ ತಂಗಿ ಆ ಬೀಮ್ ಕೆಳಗೆ... ನಾನು ಬಾಯಿಗೆ ಬೀಗ ಹಾಕಿಕೊಂಡು ವೆಂಟಿಲೇಟರಿನ ಗಾಜುಪಟ್ಟಿಗಳನ್ನು ಒಂದೊಂದಾಗಿ ಎಳೆದೆ. ಮೂರನೆಯದು ಅಂಗೈ ಸೀಳಿತು. ಹಲ್ಲು ಕಚ್ಚಿಕೊಂಡು ಸಹಿಸಿದೆ.

ರೋಲರ್ ನಿಂತಿತು. ಗೇಟಿನ ಹತ್ತಿರ ಕಾರು.

ತೂರಿಕೊಂಡೆ. ಪೈಪು ಹಿಡಿದೆ. ರಕ್ತಕ್ಕೆ ಕೈ ಜಾರಿತು... ಧೊಪ್!

"ಏಯ್!"

ಗೂಳಿ ಹಿತ್ತಲ ಬಾಗಿಲಿಂದ ನುಗ್ಗಿದ. ನಾನು ಎದ್ದೆನೋ ಬಿದ್ದೆನೋ ಅಂತ ಓಡಿದೆ. ನೀರಿನ ಸಂಪು ಹಾರಿದೆ, ಕಾರಿನ ಬಾನೆಟ್ ಮೇಲೆ ಉರುಳಿದೆ, ಮುಂಬಾಗಿಲು ದಾಟಿದೆ. ಹಾಲ್‌ನಲ್ಲಿ ಟೀಚರಮ್ಮ ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಬೀಮ್ ಕೆಳಗಿರುತ್ತಿದ್ದರು.

"ನಿಲ್ಲಿ ಮೇಡಂ! ಮೇಲೆ ಬೀಮ್ ಬಿರುಕು ಬಿಟ್ಟಿದೆ!"

ಅವರು ಮೇಲೆ ನೋಡಿದರು. ಹೊಸ ಬಣ್ಣ ಹಾಲಿನಂತೆ ಹೊಳೆಯುತ್ತಿತ್ತು. ತಂಗಿಯ ಕೆಲಸ ಯಾವತ್ತೂ ಅಷ್ಟೇ ಅಚ್ಚುಕಟ್ಟು.

"ಕುಡಿದಿದ್ದಾನೆ ಮೇಡಂ," ಓನರ್ ನಕ್ಕ. ಗೂಳಿಯ ಕೈ ಅಷ್ಟರಲ್ಲಿ ನನ್ನ ಕತ್ತಿಗೆ ಬಿದ್ದಿತ್ತು.

"ಹಾಗಿದ್ರೆ... ಒಂದು ಕೆಲಸ ಮಾಡಿ ಸರ್," ಉಸಿರು ಎಳೆದುಕೊಂಡು ಅಂದೆ. "ನೀವೇ ಇದರ ಕೆಳಗೆ ನಿಂತ್ಕೊಳ್ಳಿ. ನಾನು ಮೇಲೆ ಹೋಗಿ ಹತ್ತು ಸಲ ಕುಣಿದು ಬರ್ತೀನಿ. ಮೂವತ್ತು ಮಕ್ಕಳು ಕುಣಿಯೋದಕ್ಕಿಂತ ಕಮ್ಮಿನೇ."

ಓನರ್ ನಗು ಹಾಗೇ ಇತ್ತು. ಕಾಲು ಮಾತ್ರ ಕದಲಲಿಲ್ಲ.

"ನಿಂತ್ಕೊಳ್ಳಿ ಭಾವ," ಅಂದ ಗೂಳಿ. "ಇವನ ಬಾಯಿ ಮುಚ್ಚಿಸಿ."

ಓನರ್ ಒಂದು ಹೆಜ್ಜೆ ಹಿಂದೆ ಸರಿದ.

ಕತ್ತಿನ ಮೇಲಿನ ಬಿಗಿ ಸಡಿಲವಾಯಿತು.

"ಭಾವ... ಏನೂ ಆಗಲ್ಲ ಅಂದ್ರಲ್ಲ? ಬೆಳಗ್ಗಿಂದ ನನ್ನನ್ನ ಇದರ ಕೆಳಗೇ ನಿಲ್ಲಿಸಿದ್ರಲ್ಲ!"

ಗೂಳಿ ಜೇಬಿಂದ ನಮ್ಮ ಫೋನ್ ತೆಗೆದು ತಂಗಿಯ ಕೈಗಿಟ್ಟ. ಆಮೇಲೆ ಭಾವನ ಬಿಳಿ ಶರ್ಟಿನತ್ತ ನಡೆದ.

"ಎಲ್ರೂ ಹೊರಗೆ!" ಟೀಚರಮ್ಮ ತರಗತಿಗೆ ಹೇಳುವಂತೆ ಹೇಳಿದರು. ಗೂಳಿ ಕೂಡ ಮಾತು ಕೇಳಿದ! ಅವರೇ ನಗರಸಭೆಗೆ ಫೋನ್ ಮಾಡಿದರು. ಇಂಜಿನಿಯರ್ ಬಂದು ನೋಡಿ, ಬಾಗಿಲಿಗೆ ಸೀಲ್ ಹಾಕಿ ಹೋದ.

ವ್ಯಾನಿನಲ್ಲಿ ತಂಗಿ ನನ್ನ ಅಂಗೈಗೆ ಬಟ್ಟೆ ಸುತ್ತಿದಳು.

"ಅಣ್ಣಾ, ಹೋದ ವರ್ಷ ಆ ಹಳದಿ ಮನೆ... ಮೆಟ್ಟಿಲ ಹತ್ರ ಬಿರುಕಿಗೆ ಪುಟ್ಟಿ ತುಂಬಿದ್ವಲ್ಲ. ಅದು ಬರೀ ಗಾರೆ ಬಿರುಕೇನಾ?"

ನಾನು ನೋಡಿರಲಿಲ್ಲ. ನೋಡಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ವ್ಯಾನ್ ತಿರುಗಿಸಿದೆ.

ಹಳದಿ ಮನೆಯ ಬೆಲ್ ಒತ್ತಿದಾಗ ಒಬ್ಬ ಅಜ್ಜ ಬಾಗಿಲು ತೆರೆದರು. ಹೆಗಲ ಮೇಲೆ ಮಲಗಿದ ಮೊಮ್ಮಗು. ನಮ್ಮನ್ನು ನೋಡಿ ಅಜ್ಜನ ಮುಖ ಅರಳಿತು.

"ಓ, ನೀವಾ! ನಾವು ಕೊಳ್ಳೋಕೆ ಬಂದಾಗ ಇಲ್ಲೇ ಇದ್ರಲ್ಲ! ಎಷ್ಟು ಚೆನ್ನಾಗಿ ಮಾಡಿಕೊಟ್ಟಿದ್ರಿ ಮನೇನ!"

"ಕಣ್ಣಿಗೆ ಮಾತ್ರ ಸರ್," ಅಂದೆ. "ಮಗೂನ ಹೊರಗೆ ಕರ್ಕೊಂಡು ಬನ್ನಿ... ಮೆಟ್ಟಿಲ ಹತ್ರದ ಪುಟ್ಟಿ ಒಡೆದು ನೋಡ್ಬೇಕು. ಸುತ್ತಿಗೆ ತಂದಿದ್ದೀನಿ."